ಅಶ್ವಶಕ್ತಿಗೆ ಮುಂಚೆ ತಿರುಗುಬಲವನ್ನು ಕೇಳಿರಿ

ಯಂತ್ರ ಕೊಳ್ಳಲು ಹೊರಟ ನಮ್ಮ ರೈತರು ಮೊದಲು ಕೇಳುವ ಪ್ರಶ್ನೆ "ಇದು ಎಷ್ಟು ಎಚ್.ಪಿ.?" ಎಂಬುದು. ಟ್ರ್ಯಾಕ್ಟರ್ ಆಗಲಿ, ಪಂಪ್‌ಸೆಟ್ ಆಗಲಿ, ಒಕ್ಕಣೆ ಯಂತ್ರವಾಗಲಿ, ಅದರ ಯೋಗ್ಯತೆಯನ್ನು ನಾವು ಅಳೆಯುವುದು ಅಶ್ವಶಕ್ತಿ ಎಂಬ ಒಂದೇ ಸಂಖ್ಯೆಯಿಂದ. ನೆರೆಯವರು 35 ಅಶ್ವಶಕ್ತಿಯದನ್ನು ತಂದರೆ ನಾವು 45ರದನ್ನು, ಅವರು 45ರದನ್ನು ತಂದರೆ ನಾವು 50ರದನ್ನು ತರಬೇಕೆಂಬ ಪೈಪೋಟಿ ಅನೇಕ ಊರುಗಳಲ್ಲಿದೆ. ಸಂಖ್ಯೆ ಏರಿದಂತೆ ಸಾಲದ ಕಂತೂ ಏರುತ್ತದೆ, ಡೀಸೆಲ್ ಖರ್ಚೂ ಏರುತ್ತದೆ. ಇಷ್ಟಾದರೂ ಗಟ್ಟಿ ನೆಲದಲ್ಲಿ ಗಾಲಿ ಜಾರುವುದು ನಿಲ್ಲುವುದಿಲ್ಲ, ವೋಲ್ಟೇಜು ಬಿದ್ದ ದಿನ ಮೋಟಾರು ಸುಡುವುದೂ ತಪ್ಪುವುದಿಲ್ಲ.

ಇದಕ್ಕೆ ಕಾರಣವೇನು? ಯಂತ್ರ ಮಾಡುವ ಕೆಲಸದಲ್ಲಿ ಎರಡು ಅಂಶಗಳಿವೆ. ಒಂದು, ಅದು ಎಷ್ಟು ಬಲವಾಗಿ ತಿರುಗಿಸುತ್ತದೆ. ಇನ್ನೊಂದು, ಎಷ್ಟು ಬೇಗ ತಿರುಗಿಸುತ್ತದೆ. ಇವೆರಡರ ಗುಣಾಕಾರವೇ ಅಶ್ವಶಕ್ತಿ. ಗುಣಾಕಾರವನ್ನಷ್ಟೇ ತಿಳಿದು ಅದರ ಎರಡು ಅಂಗಗಳನ್ನು ತಿಳಿಯದಿದ್ದರೆ, ಜಮೀನಿನ ವಿಸ್ತೀರ್ಣ ಕೇಳಿಕೊಂಡು ಅದು ತರಿಯೋ ಖುಷ್ಕಿಯೋ ಎಂದು ಕೇಳದೆ ಕ್ರಯಪತ್ರ ಮಾಡಿಸಿದಂತಾಗುತ್ತದೆ. ತಿರುಗಿಸುವ ಬಲಕ್ಕೆ ಟಾರ್ಕ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ತಿರುಗುಬಲ ಎಂದು ಕರೆಯೋಣ. ಬೇಸಾಯಗಾರರು ಅಶ್ವಶಕ್ತಿಗೆ ಮುಂಚೆ ತಿರುಗುಬಲವನ್ನು ಕೇಳುವುದನ್ನು ರೂಢಿಸಿಕೊಳ್ಳಬೇಕು, ಮಾರುವವರೂ ಸಾಲ ಕೊಡುವವರೂ ಸಲಹೆ ನೀಡುವ ನಾವೂ ಅದನ್ನು ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಮನೆಯಲ್ಲೇ ಇರುವ ವಿದ್ಯೆ

ತಿರುಗುಬಲವೆಂದರೆ ಹೊಸ ವಿಷಯವೇನೂ ಅಲ್ಲ. ಬೀಸುಕಲ್ಲಿನ ಗೂಟವನ್ನು ಕಲ್ಲಿನ ಅಂಚಿನ ಬಳಿ ಏಕೆ ನೆಡುತ್ತಾರೆ? ನಡುವಿನ ಗೂಟದ ಹತ್ತಿರ ನೆಟ್ಟರೆ ಕಲ್ಲು ತಿರುಗಿಸಲು ಕೈ ಸೋಲುತ್ತದೆ. ಅಂಚಿಗೆ ಸರಿದಷ್ಟೂ ಕೆಲಸ ಹಗುರ. ಬಲವನ್ನು ತಿರುಗುವ ಕೇಂದ್ರದಿಂದ ಎಷ್ಟು ದೂರದಲ್ಲಿ ಹಾಕುತ್ತೇವೆ ಎಂಬುದು ಬಲದಷ್ಟೇ ಮುಖ್ಯ. ಹಾಕಿದ ಬಲವನ್ನು ಆ ದೂರದಿಂದ ಗುಣಿಸಿದರೆ ಬರುವುದೇ ತಿರುಗುಬಲ. ಕೇಂದ್ರದಿಂದ 1 ಮೀಟರ್ ದೂರದಲ್ಲಿ 10 ಕಿಲೋಗ್ರಾಂ ಬಲ ಹಾಕಿದರೆ 10 ಕಿಲೋಗ್ರಾಂ-ಮೀಟರ್. ಅದೇ 10 ಕಿಲೋಗ್ರಾಂ ಬಲವನ್ನು ಅರ್ಧ ಮೀಟರಿನಲ್ಲಿ ಹಾಕಿದರೆ 5 ಕಿಲೋಗ್ರಾಂ-ಮೀಟರ್ ಮಾತ್ರ.

ಗಾಲಿಯ ನಟ್ಟು ಬಿಗಿಯುವಾಗಲೂ ಇದೇ ಲೆಕ್ಕ. 30 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 20 ಕಿಲೋಗ್ರಾಂ ಬಲ ಹಾಕಿದರೆ 6 ಕಿಲೋಗ್ರಾಂ-ಮೀಟರ್ ಸಿಗುತ್ತದೆ. ಅದಕ್ಕೊಂದು ಪೈಪು ತೂರಿಸಿ 90 ಸೆಂ.ಮೀ. ಮಾಡಿದರೆ ಅದೇ ಕೈ 18 ಕಿಲೋಗ್ರಾಂ-ಮೀಟರ್ ಕೊಡುತ್ತದೆ. ಬಿಚ್ಚಲು ಇದು ಒಳ್ಳೆಯ ಉಪಾಯ. ಬಿಗಿಯಲು ಮಾತ್ರ ಪೈಪು ಬೇಡ. ಅಷ್ಟು ಬಲಕ್ಕೆ ಸಣ್ಣ ಬೋಲ್ಟಿನ ಮರೆ ಕಿತ್ತುಹೋಗುತ್ತದೆ ಅಥವಾ ಬೋಲ್ಟೇ ಮುರಿಯುತ್ತದೆ. ಇನ್ನೊಂದು ಮಾತು: ಬಲವು ಹಿಡಿಗೆ ಅಡ್ಡಲಾಗಿ, ಅಂದರೆ ಲಂಬವಾಗಿ ಬೀಳಬೇಕು. ಓರೆಯಾಗಿ ಎಳೆದರೆ ಒಂದು ಭಾಗ ವ್ಯರ್ಥವಾಗುತ್ತದೆ.

ಇವೆಲ್ಲಕ್ಕಿಂತ ಸೊಗಸಾದ ಉದಾಹರಣೆ ನೊಗದಲ್ಲಿದೆ. ಜೋಡಿಯಲ್ಲಿ ಒಂದು ಎತ್ತು ಎಳೆಯದಾಗಿದ್ದರೆ ಅನುಭವಿ ರೈತರು ಈಸು ಕಟ್ಟುವ ಜಾಗವನ್ನು ನೊಗದ ನಡುವಿನಿಂದ ಬಲವಾದ ಎತ್ತಿನ ಕಡೆಗೆ ಸ್ವಲ್ಪ ಸರಿಸುತ್ತಾರೆ. ಎರಡು ಹೆಗಲುಗಳ ನಡುವೆ 120 ಸೆಂ.ಮೀ. ಅಂತರವಿದೆ ಎನ್ನಿ. ಕಟ್ಟನ್ನು 6 ಸೆಂ.ಮೀ. ಸರಿಸಿದರೆ ಬಲವಾದ ಎತ್ತಿನ ಕಡೆ 54 ಸೆಂ.ಮೀ., ಎಳೆಯದರ ಕಡೆ 66 ಸೆಂ.ಮೀ. ಆಗುತ್ತದೆ. ಆಗ ಒಟ್ಟು ಎಳೆತದ ನೂರು ಪಾಲಿನಲ್ಲಿ 55 ಪಾಲು ಬಲವಾದ ಎತ್ತಿಗೆ, 45 ಪಾಲು ಎಳೆಯದಕ್ಕೆ ಬೀಳುತ್ತದೆ. ಆರು ಸೆಂ.ಮೀ. ಅಂತರದಿಂದ ಹೊರೆಯ ಹತ್ತನೇ ಒಂದು ಪಾಲಿನಷ್ಟು ವ್ಯತ್ಯಾಸವಾಯಿತು! ಲೆಕ್ಕ ಬರೆಯದೆಯೇ ನಮ್ಮ ಹಿರಿಯರು ಇದನ್ನು ಆಚರಣೆಗೆ ತಂದಿದ್ದರು. ಈ ಬುದ್ಧಿಯನ್ನೇ ಎಂಜಿನ್ನಿನ ಬಳಿಯೂ ಉಪಯೋಗಿಸಬೇಕಾಗಿದೆ.

ಅಶ್ವಶಕ್ತಿ ಹುಟ್ಟಿದ್ದೇ ತಿರುಗುಬಲದಿಂದ

ಅಶ್ವಶಕ್ತಿ ಎಂಬ ಅಳತೆ ಬಂದ ಬಗೆಯನ್ನು ತಿಳಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ಜೇಮ್ಸ್ ವಾಟ್ 1780ರ ದಶಕದಲ್ಲಿ ತನ್ನ ಉಗಿಯಂತ್ರಗಳನ್ನು ಮಾರುವಾಗ, ಅವು ಎಷ್ಟು ಕುದುರೆಗಳ ಕೆಲಸ ಮಾಡುತ್ತವೆಂದು ಗಿರಾಕಿಗಳಿಗೆ ಹೇಳಬೇಕಾಗಿತ್ತು. ಅಂದು ಅಲ್ಲಿ ಕುದುರೆಗಳು ನಮ್ಮ ಗಾಣದೆತ್ತಿನಂತೆ ಸುತ್ತು ಹಾಕುತ್ತ ಗಿರಣಿ ತಿರುಗಿಸುತ್ತಿದ್ದವು. ಕುದುರೆ ಕೇಂದ್ರದಿಂದ 12 ಅಡಿ ದೂರದಲ್ಲಿ 180 ಪೌಂಡ್ ಬಲದಿಂದ ಎಳೆಯುತ್ತ ಗಂಟೆಗೆ 144 ಸುತ್ತು ಬರುತ್ತದೆಂದು ಆತ ಲೆಕ್ಕ ಹಿಡಿದ. ನಮ್ಮ ಅಳತೆಯಲ್ಲಿ ಇದು ಸುಮಾರು 300 ಕಿಲೋಗ್ರಾಂ-ಮೀಟರ್ ತಿರುಗುಬಲ, ನಿಮಿಷಕ್ಕೆ 2.4 ಸುತ್ತು. ಇದೇ ಒಂದು ಅಶ್ವಶಕ್ತಿ.

ಇದರಿಂದ ರೈತರು ನೆನಪಿಡಬಹುದಾದ ಒಂದು ಸೂತ್ರ ದೊರೆಯುತ್ತದೆ. ತಿರುಗುಬಲವನ್ನು ಕಿಲೋಗ್ರಾಂ-ಮೀಟರಿನಲ್ಲಿ ತೆಗೆದುಕೊಂಡು, ನಿಮಿಷದ ಸುತ್ತುಗಳಿಂದ ಗುಣಿಸಿ, 716ರಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ. 300ನ್ನು 2.4ರಿಂದ ಗುಣಿಸಿ 716ರಿಂದ ಭಾಗಿಸಿ ನೋಡಿರಿ, ಒಂದು ಬರುತ್ತದೆ. ಈಗಿನ ಕಂಪನಿ ಪತ್ರಿಕೆಗಳಲ್ಲಿ ತಿರುಗುಬಲವನ್ನು ನ್ಯೂಟನ್-ಮೀಟರ್ ಎಂಬ ಮಾನದಲ್ಲಿ ಕೊಡುತ್ತಾರೆ. ಅದನ್ನು 9.8ರಿಂದ ಭಾಗಿಸಿದರೆ ಕಿಲೋಗ್ರಾಂ-ಮೀಟರ್ ಆಗುತ್ತದೆ.

ಈಗ ಸೂತ್ರವನ್ನು ಉಪಯೋಗಿಸೋಣ. ನಿಮಿಷಕ್ಕೆ 1,440 ಸುತ್ತು ತಿರುಗುವ 5 ಅಶ್ವಶಕ್ತಿಯ ವಿದ್ಯುತ್ ಮೋಟಾರಿನ ತಿರುಗುಬಲ ಸುಮಾರು 2.5 ಕಿಲೋಗ್ರಾಂ-ಮೀಟರ್ ಮಾತ್ರ. ನಿಮಿಷಕ್ಕೆ 650 ಸುತ್ತು ತಿರುಗುವ, ದೊಡ್ಡ ಚಕ್ರದ ಹಳೆಯ ಡೀಸೆಲ್ ಎಂಜಿನ್ನೂ 5 ಅಶ್ವಶಕ್ತಿಯದೇ ಆಗಿದ್ದರೆ ಅದರ ತಿರುಗುಬಲ 5.5 ಕಿಲೋಗ್ರಾಂ-ಮೀಟರ್. ಸುಮಾರು 80 ಕಿಲೋಗ್ರಾಂ ಬಲದಿಂದ ಎಳೆಯುವ ಒಂದು ಜೋಡಿ ಎತ್ತುಗಳನ್ನು ಮೂರೂವರೆ ಮೀಟರ್ ಉದ್ದದ ಗಾಣದ ತೊಲೆಗೆ ಕಟ್ಟಿದರೆ ತಿರುಗುಬಲ 280 ಕಿಲೋಗ್ರಾಂ-ಮೀಟರ್. ಅಂದರೆ 5 ಅಶ್ವಶಕ್ತಿಯ ಮೋಟಾರಿಗಿಂತ ನೂರು ಪಟ್ಟಿಗೂ ಹೆಚ್ಚು! ಆಲೆಮನೆಯಲ್ಲಿ ಎತ್ತುಗಳು ಗೇರಿನ ಸಹಾಯವಿಲ್ಲದೆ ಕಬ್ಬಿಣದ ಗಾಣವನ್ನು ತಿರುಗಿಸಿ ಕಬ್ಬು ಅರೆಯಲು ಸಾಧ್ಯವಾದದ್ದು ಹೀಗೆ. ಎತ್ತುಗಳ ಅಶ್ವಶಕ್ತಿ ಒಂದರ ಆಸುಪಾಸಿನದು. ಅವಕ್ಕೆ ಇಲ್ಲದಿರುವುದು ವೇಗ, ಬಲವಲ್ಲ. ಮೋಟಾರಿಗೆ ವೇಗವಿದೆ, ತಿರುಗುಬಲ ಕಡಿಮೆ. ಆದ್ದರಿಂದಲೇ ಅದಕ್ಕೆ ಬೆಲ್ಟು, ರಾಟೆ, ಹಲ್ಲಿನ ಚಕ್ರಗಳು ಬೇಕು.

ಗೇರು ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಸಂತೆಯಲ್ಲಿ ರಾಗಿ ಕೊಟ್ಟು ಬೆಲ್ಲ ಕೊಂಡಂತೆ, ಅದು ವೇಗವನ್ನು ಕೊಟ್ಟು ತಿರುಗುಬಲವನ್ನು ಕೊಳ್ಳುತ್ತದೆ. ವೇಗವನ್ನು ಹತ್ತನೇ ಒಂದಕ್ಕೆ ಇಳಿಸಿದರೆ ತಿರುಗುಬಲ ಹತ್ತು ಪಟ್ಟಾಗುತ್ತದೆ. ಹಲ್ಲುಗಳ ತಿಕ್ಕಾಟದಲ್ಲಿ ಸ್ವಲ್ಪ ನಷ್ಟವಾಗುತ್ತದೆ. ಯಾವ ಯಂತ್ರವೂ ಎರಡನ್ನೂ ಒಟ್ಟಿಗೆ ಹೆಚ್ಚಿಸಿ ಕೊಡಲಾರದು. ಹಾಗೆ ಕೊಡುತ್ತದೆಂದು ಯಾರಾದರೂ ಹೇಳಿದರೆ ಹಣದ ಚೀಲವನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ಒಳ್ಳೆಯದು.

ಟ್ರ್ಯಾಕ್ಟರ್ ಆರಿಸುವಾಗ

ನಿಮಿಷಕ್ಕೆ 2,000 ಸುತ್ತಿನಲ್ಲಿ 45 ಅಶ್ವಶಕ್ತಿ ಕೊಡುವ ಎಂಜಿನ್ನಿನ ತಿರುಗುಬಲ ಸುಮಾರು 16 ಕಿಲೋಗ್ರಾಂ-ಮೀಟರ್. ನೇಗಿಲು ಗಟ್ಟಿ ಪಟ್ಟೆಗೆ ಸಿಕ್ಕಿದಾಗ ಎಂಜಿನ್ನಿನ ವೇಗ ಇಳಿಯುತ್ತದೆ. ಒಳ್ಳೆಯ ಎಂಜಿನ್ನಿನಲ್ಲಿ ವೇಗ ಇಳಿದಂತೆ ತಿರುಗುಬಲ ಒಂದು ಮಿತಿಯವರೆಗೆ ಏರುತ್ತದೆ. ಈ ಏರಿಕೆಯನ್ನು ಬ್ಯಾಕಪ್ ಟಾರ್ಕ್, ಅಂದರೆ ಮೀಸಲು ತಿರುಗುಬಲ ಎನ್ನುತ್ತಾರೆ. ಒಂದು ಟ್ರ್ಯಾಕ್ಟರಿನಲ್ಲಿ ಇದು ಶೇ. 10 ಇದ್ದು, ಇನ್ನೊಂದರಲ್ಲಿ ಶೇ. 25 ಇದೆ ಎಂದು ಭಾವಿಸಿರಿ. ಎರಡರ ಮೇಲೂ 45 ಎಂದೇ ಬರೆದಿರುತ್ತದೆ. ಆದರೆ ಗಟ್ಟಿ ಪಟ್ಟೆ ಬಂದಾಗ ಮೊದಲನೆಯದು ಉಸಿರುಗಟ್ಟಿ ನಿಲ್ಲುತ್ತದೆ, ಚಾಲಕ ಗೇರು ಇಳಿಸಬೇಕಾಗುತ್ತದೆ. ಎರಡನೆಯದು ನಿಧಾನಿಸಿ, ಪಟ್ಟೆ ದಾಟಿ ಮುಂದೆ ಹೋಗುತ್ತದೆ. ದಿನವಿಡೀ ಉಳುವಾಗ ಈ ವ್ಯತ್ಯಾಸವು ಸಮಯ ಮತ್ತು ಡೀಸೆಲ್ ಎರಡರಲ್ಲೂ ಕಾಣುತ್ತದೆ.

ಎರಡನೆಯ ವಿಷಯ ಹಿಡಿತದ್ದು. 16 ಕಿಲೋಗ್ರಾಂ-ಮೀಟರನ್ನು 200 ಪಟ್ಟು ಮಾಡುವ ಕೆಳ ಗೇರಿನಲ್ಲಿ ಹಿಂದಿನ ಅಚ್ಚಿಗೆ ಸುಮಾರು 3,200 ಕಿಲೋಗ್ರಾಂ-ಮೀಟರ್ ತಲುಪುತ್ತದೆ. ಗಾಲಿಯ ತ್ರಿಜ್ಯ 65 ಸೆಂ.ಮೀ. ಇದ್ದರೆ, ಲೆಕ್ಕದ ಪ್ರಕಾರ ನೆಲದ ಬಳಿ 4,900 ಕಿಲೋಗ್ರಾಂ ಎಳೆತ ಬರಬೇಕು. ಆದರೆ ಟ್ರ್ಯಾಕ್ಟರಿನ ತೂಕವೇ ಸುಮಾರು 2,000 ಕಿಲೋಗ್ರಾಂ. ಅದರಲ್ಲಿ ಹಿಂಗಾಲಿಗಳ ಮೇಲೆ ಬೀಳುವುದು 1,300 ಕಿಲೋಗ್ರಾಂ ಎನ್ನೋಣ. ಸಡಿಲ ಮಣ್ಣಿನಲ್ಲಿ ಈ ಭಾರದ ಅರ್ಧದಷ್ಟು ಎಳೆತ ಸಿಕ್ಕರೆ ಅದೇ ಹೆಚ್ಚು. ನೇಗಿಲಿನ ಒತ್ತಡದಿಂದ ಇದು ತುಸು ಏರಬಹುದು. ಎಂಜಿನ್ ಕೊಡಬಲ್ಲ ಬಲದ ಬಹುಪಾಲನ್ನು ನೆಲ ತೆಗೆದುಕೊಳ್ಳಲಾರದು. ಉಳಿದದ್ದು ಗಾಲಿ ಜಾರುವುದರಲ್ಲಿ, ಟೈರು ಸವೆಯುವುದರಲ್ಲಿ ಕಳೆದುಹೋಗುತ್ತದೆ. ಇಂಥ ಕಡೆ ಹೆಚ್ಚಿನ ಅಶ್ವಶಕ್ತಿಯ ಟ್ರ್ಯಾಕ್ಟರ್ ತಂದರೆ ಅದೂ ಜಾರುತ್ತದೆ, ಇನ್ನಷ್ಟು ಜೋರಾಗಿ!

ಆದ್ದರಿಂದ ಹೊಸ ಟ್ರ್ಯಾಕ್ಟರಿಗೆ ಅರ್ಜಿ ಹಾಕುವ ಮುನ್ನ ಇರುವುದನ್ನು ಪರೀಕ್ಷಿಸಿರಿ. ಹಿಂಗಾಲಿಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಹೊಲದಲ್ಲಿ ಉಪಕರಣವನ್ನು ಮೇಲೆತ್ತಿ ಗಾಲಿ ಹತ್ತು ಸುತ್ತು ಬರುವಷ್ಟು ದೂರವನ್ನು ಅಳೆಯಿರಿ. ಅದು 41 ಮೀಟರ್ ಬಂತೆನ್ನಿ. ಬಳಿಕ ಉಳುತ್ತಿರುವಾಗ ಹತ್ತು ಸುತ್ತಿಗೆ ಎಷ್ಟು ದೂರವೆಂದು ನೋಡಿರಿ. ಅದು 35 ಮೀಟರ್ ಇದ್ದರೆ ಜಾರಿಕೆ ಸುಮಾರು ಶೇ. 15. ಇದು ಮೇಲಿನ ಮಿತಿ. ಇದಕ್ಕಿಂತ ಹೆಚ್ಚು ಜಾರುತ್ತಿದ್ದರೆ ಕೊರತೆ ಇರುವುದು ಹಿಡಿತದಲ್ಲಿ. ಹಿಂಗಾಲಿಗೆ ತೂಕ ಸೇರಿಸುವುದು, ಟೈರಿಗೆ ನೀರು ತುಂಬುವುದು, ಸವೆದ ಟೈರು ಬದಲಿಸುವುದು ಅಥವಾ ಉಪಕರಣದ ಅಗಲ ಕಡಿಮೆ ಮಾಡುವುದು ಇದಕ್ಕೆ ಪರಿಹಾರ. ಜಾರಿಕೆ ಕಡಿಮೆಯಿದ್ದು ಎಂಜಿನ್ ಮಾತ್ರ ಉಸಿರುಗಟ್ಟುತ್ತಿದ್ದರೆ ಗೇರು ಇಳಿಸಿರಿ. ಸರಿಯಾದ ಗೇರಿನಲ್ಲಿ, ಸರಿಯಾದ ಹಿಡಿತದಲ್ಲಿ, ಹದವಿರುವ ಮಣ್ಣಿನಲ್ಲಿ ಕೂಡ ಕೆಲಸ ಸಕಾಲಕ್ಕೆ ಮುಗಿಯದಿದ್ದರೆ ಮಾತ್ರ ಅಶ್ವಶಕ್ತಿ ಸಾಲದೆಂದು ತಿಳಿಯಬೇಕು.

ಬೇಸಾಯಶಾಸ್ತ್ರದವನಾಗಿ ಈ "ಹದ"ದ ಬಗ್ಗೆ ಒತ್ತಿ ಹೇಳಬಯಸುತ್ತೇನೆ. ಎಷ್ಟು ತಿರುಗುಬಲ ಬೇಕೆಂಬುದನ್ನು ನಿರ್ಧರಿಸುವುದು ಎಂಜಿನ್ನಲ್ಲ, ಮಣ್ಣು. ಬೇಸಿಗೆಯಲ್ಲಿ ಕಲ್ಲಿನಂತಾದ ಎರೆ ಭೂಮಿಯು ಹದ ಮಳೆಯ ನಂತರ ಬಹಳ ಕಡಿಮೆ ಬಲಕ್ಕೆ ಬಗ್ಗುತ್ತದೆ. ಹದಕ್ಕೆ ಎರಡು ದಿನ ಕಾಯುವುದರಿಂದ ಸಿಗುವ ಲಾಭ ಹತ್ತು ಅಶ್ವಶಕ್ತಿ ಹೆಚ್ಚಿಸಿದರೂ ಸಿಗಲಾರದು. ತದ್ವಿರುದ್ಧವಾಗಿ, ಹಸಿ ಎರೆ ಮಣ್ಣಿನ ಮೇಲೆ ಭಾರದ ಟ್ರ್ಯಾಕ್ಟರ್ ಓಡಾಡಿದರೆ ನೇಗಿಲಿನ ಆಳದ ಕೆಳಗೆ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಬೇರು ಕೆಳಗಿಳಿಯದು, ಮಳೆ ನೀರು ಇಂಗದು. ಮರುವರ್ಷ ಆ ಪದರವನ್ನು ಒಡೆಯಲು ಇನ್ನೂ ಹೆಚ್ಚು ಬಲ ಬೇಕು. ಹೀಗೆ ದೊಡ್ಡ ಯಂತ್ರವು ತನಗಿಂತ ದೊಡ್ಡ ಯಂತ್ರದ ಅಗತ್ಯವನ್ನು ತಾನೇ ಹುಟ್ಟಿಸುತ್ತದೆ. ವರ್ಷಕ್ಕೆ ಕೆಲವೇ ದಿನ ಬೇಕಾಗುವ ಆಳ ಉಳುಮೆಗೆ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ಪಡೆಯುವುದೇ ಲೇಸು. ನಮ್ಮ ರಾಜ್ಯದಲ್ಲಿ 2014ರಿಂದ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳ ಉದ್ದೇಶವೂ ಇದೇ.

ಮಾರುವವರ ಮಾತಲ್ಲ, ಪರೀಕ್ಷಾ ವರದಿ

ಯಂತ್ರದ ಗುಣವನ್ನು ಮಾರುವವರ ಬಾಯಿಂದಲೇ ಕೇಳಬೇಕಾದ ದುಃಸ್ಥಿತಿ ರೈತರಿಗೆ ಬರಬಾರದು. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ವಿಲ್ಮಾಟ್ ಕ್ರೋಜಿಯರ್ ಎಂಬ ರೈತರು ಕೊಂಡ ಟ್ರ್ಯಾಕ್ಟರ್ ಹೇಳಿದಂತೆ ಕೆಲಸ ಮಾಡಲಿಲ್ಲ. ಅವರು ಶಾಸಕರೂ ಆಗಿದ್ದರು. ಪರೀಕ್ಷೆಗೆ ಒಳಪಡದ ಟ್ರ್ಯಾಕ್ಟರನ್ನು ಆ ರಾಜ್ಯದಲ್ಲಿ ಮಾರಕೂಡದೆಂಬ ಕಾನೂನನ್ನು 1919ರಲ್ಲಿ ತರುವುದರಲ್ಲಿ ಅವರು ಮುಂದಾದರು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ 1920ರಿಂದ ಪರೀಕ್ಷೆಗಳು ನಡೆದುಕೊಂಡು ಬಂದಿವೆ. ಒಬ್ಬ ರೈತನ ಅಸಮಾಧಾನ ಇಡೀ ಉದ್ಯಮವನ್ನು ಲೆಕ್ಕ ಒಪ್ಪಿಸುವಂತೆ ಮಾಡಿತು.

ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ನಮಗೆ ಸಮೀಪದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿಯೂ ಇಂಥದೊಂದು ಸಂಸ್ಥೆಯಿದೆ. ಟ್ರ್ಯಾಕ್ಟರಿನ ಪರೀಕ್ಷಾ ವರದಿಯಲ್ಲಿ ಗರಿಷ್ಠ ಟಾರ್ಕ್, ಬ್ಯಾಕಪ್ ಟಾರ್ಕ್, ಪಿ.ಟಿ.ಓ. ಶಕ್ತಿ, ಎಳೆಯುವ ಬಲ, ಇಂಧನದ ಖರ್ಚು ಎಲ್ಲವೂ ಇರುತ್ತವೆ. ಅದು ಇಂಗ್ಲಿಷಿನಲ್ಲಿದ್ದರೂ ಅಂಕಿಗಳಿಗೆ ಭಾಷೆಯಿಲ್ಲ. ವರದಿ ತೋರಿಸಲು ಹಿಂಜರಿಯುವ ಅಂಗಡಿಯಿಂದ ಎದ್ದು ಬರುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಪಂಪ್‌ಸೆಟ್ಟಿನ ಮೋಟಾರು

ತಿರುಗುಬಲ ತಿಳಿಯದೆ ಆಗುವ ನಷ್ಟ ಅತಿ ಹೆಚ್ಚಾಗಿ ಕಾಣುವುದು ನೀರಾವರಿ ಪಂಪ್‌ಸೆಟ್ಟುಗಳಲ್ಲಿ. ಮೂರು ಫೇಸಿನ ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ವೋಲ್ಟೇಜು 415 ಇರಬೇಕಾದ ಕಡೆ 332 ಇದ್ದರೆ, ಅಂದರೆ ಐದರಲ್ಲಿ ಒಂದು ಪಾಲು ಕಡಿಮೆಯಾದರೆ, ಚಾಲೂ ಆಗುವಾಗಿನ ತಿರುಗುಬಲ ನೂರಕ್ಕೆ 64 ಮಾತ್ರ ಉಳಿಯುತ್ತದೆ. 300ಕ್ಕೆ ಇಳಿದರೆ ಉಳಿಯುವುದು ಅರ್ಧದಷ್ಟೇ. ಮೋಟಾರು ಗುಂಯ್ ಎಂದು ಕೂಗುತ್ತದೆ, ತಿರುಗುವುದಿಲ್ಲ. ಆ ಹೊತ್ತಿನಲ್ಲಿ ಅದು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುವುದರಿಂದ ಸುರುಳಿ ಸುಡುತ್ತದೆ. ತಿರುಗುತ್ತಿರುವ ಮೋಟಾರಿನ ಪಾಡೂ ಅಷ್ಟೆ. ನೀರೆತ್ತಲು ಬೇಕಾದ ತಿರುಗುಬಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದನ್ನು ಕೊಡಲು ಮೋಟಾರು ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಕರೆಂಟು ಎಳೆದು ಕಾಯುತ್ತದೆ.

ಇದಕ್ಕೆ ನಮ್ಮ ರೈತರು ಕಂಡುಕೊಂಡಿರುವ ಮದ್ದು 5ರ ಜಾಗದಲ್ಲಿ ಏಳೂವರೆ, ಏಳೂವರೆಯ ಜಾಗದಲ್ಲಿ 10 ಅಶ್ವಶಕ್ತಿಯ ಮೋಟಾರು ಇಳಿಸುವುದು. ಒಬ್ಬರಿಗೆ ಒಂದು ಬೇಸಿಗೆಯ ಮಟ್ಟಿಗೆ ಇದರಿಂದ ಅನುಕೂಲವಾದೀತು. ಆದರೆ ದೊಡ್ಡ ಮೋಟಾರು ಚಾಲೂ ಆಗುವಾಗ ಎಳೆಯುವ ಕರೆಂಟೂ ದೊಡ್ಡದು. ನೇರವಾಗಿ ಚಾಲೂ ಮಾಡಿದರೆ ಪೂರ್ಣ ಹೊರೆಯ ಕರೆಂಟಿನ ಐದಾರು ಪಟ್ಟು ಆಗುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನ ಹತ್ತು ಮಂದಿಯೂ ಹೀಗೆ ಮಾಡಿದರೆ ಎಲ್ಲರ ವೋಲ್ಟೇಜೂ ಬೀಳುತ್ತದೆ, ಎಲ್ಲರ ತಿರುಗುಬಲವೂ ಕುಗ್ಗುತ್ತದೆ. ಕೊನೆಗೆ ಟ್ರಾನ್ಸ್‌ಫಾರ್ಮರೇ ಸುಟ್ಟು, ಹತ್ತು ಮಂದಿಯ ಬೆಳೆಯೂ ಒಟ್ಟಿಗೆ ಬಾಡುತ್ತದೆ. ಸರಿಯಾದ ಅಳತೆಯ ಕೆಪಾಸಿಟರ್ ಜೋಡಿಸುವುದು, ಕಡಿಮೆ ವೋಲ್ಟೇಜಿನಲ್ಲಿ ತಾನೇ ನಿಲ್ಲಿಸುವ ರಕ್ಷಣಾ ಸಾಧನ ಹಾಕಿಸುವುದು, ಬಾವಿಯ ಆಳಕ್ಕೂ ನೀರಿನ ಪ್ರಮಾಣಕ್ಕೂ ತಕ್ಕ ಪಂಪನ್ನೇ ಆರಿಸುವುದು, ಒಂದೇ ಗಳಿಗೆಯಲ್ಲಿ ಎಲ್ಲರೂ ಗುಂಡಿ ಒತ್ತದೆ ಸರದಿ ಮಾಡಿಕೊಳ್ಳುವುದು, ಹೊರೆ ಹೆಚ್ಚಾಗಿದ್ದರೆ ಒಟ್ಟಾಗಿ ಹೋಗಿ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ ಹೆಚ್ಚಿಸಲು ಕೇಳುವುದು, ಇವೇ ನಿಜವಾದ ಪರಿಹಾರಗಳು.

ಇದು ಜೀವದ ಪ್ರಶ್ನೆಯೂ ಹೌದು

ಹಣದ ನಷ್ಟವನ್ನು ಮತ್ತೊಂದು ಬೆಳೆಯಲ್ಲಿ ತುಂಬಿಕೊಳ್ಳಬಹುದು. ತಿರುಗುಬಲದ ಅಜ್ಞಾನದಿಂದ ಕೈಕಾಲು, ಪ್ರಾಣ ಕಳೆದುಕೊಂಡರೆ ತುಂಬಿಕೊಳ್ಳುವ ದಾರಿಯಿಲ್ಲ.

ಟ್ರ್ಯಾಕ್ಟರಿನ ಪಿ.ಟಿ.ಓ. ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಅಲ್ಲಿಗೆ 40 ಅಶ್ವಶಕ್ತಿ ಬರುತ್ತಿದ್ದರೆ ತಿರುಗುಬಲ 53 ಕಿಲೋಗ್ರಾಂ-ಮೀಟರ್. ಶಾಫ್ಟಿನ ವ್ಯಾಸ 8 ಸೆಂ.ಮೀ. ಇದ್ದರೆ ಅದರ ಮೈಮೇಲೆ ಎಳೆತ 1,300 ಕಿಲೋಗ್ರಾಂ ಮೀರುತ್ತದೆ. ಸೀರೆಯ ಸೆರಗೋ, ಪಂಚೆಯ ತುದಿಯೋ, ಹೆಗಲ ಮೇಲಿನ ಟವೆಲ್ಲೋ ಅದಕ್ಕೆ ಸಿಕ್ಕಿದರೆ ಒಂದೇ ಸೆಕೆಂಡಿನಲ್ಲಿ ಎರಡು ಮೀಟರಿಗೂ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. "ಎಳೆದುಕೊಳ್ಳೋಣ" ಎಂದು ಮನಸ್ಸಿಗೆ ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆದ್ದರಿಂದ ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ತೊಂದರೆಯೆಂದು ಬಿಚ್ಚಿ ಎಸೆಯುವುದು ಮಹಾಪರಾಧ. ಒಕ್ಕಣೆ ಯಂತ್ರಗಳಿಂದಾಗುವ ಅಂಗಹಾನಿಯನ್ನು ತಡೆಯಲೆಂದೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಬಂದಿತು. ಆದರೆ ಕಣದಲ್ಲಿ ಕಾಯಿದೆಯು ಕವಚವಾಗಲಾರದು. ಉಪಕರಣದಲ್ಲಿ ಇರುವ ಶಿಯರ್ ಬೋಲ್ಟು ಬೇಕೆಂದೇ ಮೆತ್ತಗೆ ಮಾಡಿರುವಂಥದು. ಕಲ್ಲು ಸಿಕ್ಕಾಗ ತಾನು ಮುರಿದು ಗೇರ್‌ಬಾಕ್ಸನ್ನು ಉಳಿಸುತ್ತದೆ. ಪದೇ ಪದೇ ಮುರಿಯುತ್ತದೆಂದು ಅದರ ಜಾಗಕ್ಕೆ ಗಟ್ಟಿ ಬೋಲ್ಟು ಹಾಕುವುದು ಫ್ಯೂಸಿಗೆ ದಪ್ಪ ತಂತಿ ಸುತ್ತಿದಂತೆ.

ಇನ್ನೊಂದು ಅಪಾಯ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದು. ಎಂಜಿನ್ ಗಾಲಿಯನ್ನು ಮುಂದಕ್ಕೆ ತಿರುಗಿಸಲು ಎಷ್ಟು ಬಲ ಹಾಕುತ್ತದೋ, ಅಷ್ಟೇ ಬಲದಿಂದ ಟ್ರ್ಯಾಕ್ಟರಿನ ಮೈಯನ್ನು ಹಿಂದಕ್ಕೆ ತಿರುಗಿಸಲು ಯತ್ನಿಸುತ್ತದೆ. ಗಾಲಿ ಸಲೀಸಾಗಿ ಉರುಳುತ್ತಿದ್ದರೆ ಇದು ನಮಗೆ ತಿಳಿಯುವುದಿಲ್ಲ. ಗಾಲಿ ಕೆಸರಿನಲ್ಲಿ ಕಚ್ಚಿಕೊಂಡಿರುವಾಗ, ಅಥವಾ ಅದರ ಮುಂದೆ ದಿಮ್ಮಿ, ಕಲ್ಲು ಕೊಟ್ಟು ಕ್ಲಚ್ಚನ್ನು ತಟ್ಟನೆ ಬಿಟ್ಟಾಗ, ತಿರುಗಲಾರದ ಗಾಲಿಯ ಸುತ್ತ ಟ್ರ್ಯಾಕ್ಟರೇ ತಿರುಗುತ್ತದೆ. ಮೂತಿ ಮೇಲೆದ್ದ ಮುಕ್ಕಾಲು ಸೆಕೆಂಡಿನಲ್ಲಿ ಅದು ಹಿಂತಿರುಗಲಾರದ ಸ್ಥಿತಿ ಮುಟ್ಟುತ್ತದೆ, ಒಂದೂವರೆ ಸೆಕೆಂಡಿನಲ್ಲಿ ಚಾಲಕನ ಮೇಲೆ ಬಿದ್ದಿರುತ್ತದೆ. ಮರದ ಬೊಡ್ಡೆ ಕೀಳಲು ಸರಪಳಿಯನ್ನು ಎತ್ತರದಲ್ಲಿ ಕಟ್ಟಿದರೂ ಇದೇ ಗತಿ. ಕಟ್ಟಿದ ಜಾಗ ಅಚ್ಚಿಗಿಂತ ಮೇಲಿದ್ದಷ್ಟೂ ಮಗುಚುವ ಬಲ ಹೆಚ್ಚು.

1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರುಗಳು ಹೀಗೆ ಹಿಂದಕ್ಕೆ ಮಗುಚುವುದಕ್ಕೆ ಕುಖ್ಯಾತವಾಗಿದ್ದವು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಉಪಕರಣವನ್ನು ಮೂರು ಕಡೆ ಜೋಡಿಸುವ ವಿಧಾನವನ್ನು ರೂಪಿಸಿದ್ದರಲ್ಲಿ ಈ ಅಪಾಯದ ನಿವಾರಣೆಯೂ ಸೇರಿತ್ತು. ಉಳುವಾಗ ಮೇಲಿನ ಕೊಂಡಿಯು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ ಮೂತಿ ಏಳದಂತೆ ತಡೆಯುತ್ತದೆ. 1939ರ ಫೋರ್ಡ್-ಫರ್ಗ್ಯುಸನ್ ಟ್ರ್ಯಾಕ್ಟರಿನ ಮೂಲಕ ವ್ಯಾಪಕವಾಗಿ ಹರಡಿದ ಈ ಜೋಡಣೆಯೇ ಇಂದು ನಮ್ಮ ಎಲ್ಲ ಟ್ರ್ಯಾಕ್ಟರುಗಳ ಹಿಂದೆ ಇರುವುದು. ಸ್ವೀಡನ್ ದೇಶವು 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ಕಾಪಾಡುವ ಗಟ್ಟಿ ಚೌಕಟ್ಟನ್ನು ಕಡ್ಡಾಯ ಮಾಡಿದ ಮೇಲೆ ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಬಹಳವಾಗಿ ಇಳಿಯಿತು.

ನಮ್ಮ ಚಾಲಕರು ಪಾಲಿಸಬೇಕಾದ ನಿಯಮಗಳು ಸರಳ. ಎಳೆಯುವ ಹೊರೆಯನ್ನು ಅಚ್ಚಿಗಿಂತ ಕೆಳಗಿರುವ ಡ್ರಾಬಾರಿಗೆ ಮಾತ್ರ ಕಟ್ಟಿರಿ. ಕ್ಲಚ್ಚನ್ನು ನಿಧಾನವಾಗಿ ಬಿಡಿರಿ. ಕೆಸರಿನಲ್ಲಿ ಸಿಕ್ಕಿಬಿದ್ದರೆ ಗಾಲಿಗೆ ಅಡ್ಡ ಕೊಡದೆ ಹಿಮ್ಮುಖವಾಗಿ ಹೊರತೆಗೆಯಿರಿ. ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ಕರೆಸಿರಿ. ಕಡಿದಾದ ಬದುವನ್ನು ಹಿಮ್ಮುಖವಾಗಿ ಹತ್ತಿರಿ. ಮೂತಿ ಹಗುರಾಗುವ ಕೆಲಸಕ್ಕೆ ಮುಂಭಾಗದಲ್ಲಿ ತೂಕ ಹಾಕಿರಿ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಎಂದಿಗೂ ಕೂರಿಸಬೇಡಿರಿ.

ಆಗಬೇಕಾದದ್ದು

ಟ್ರ್ಯಾಕ್ಟರ್ ಮಾರುವವರು ಬೆಲೆಪಟ್ಟಿಯ ಜೊತೆಗೆ ಗರಿಷ್ಠ ತಿರುಗುಬಲ, ಮೀಸಲು ತಿರುಗುಬಲ, ಅವು ಯಾವ ವೇಗದಲ್ಲಿ ಸಿಗುತ್ತವೆ ಎಂಬುದನ್ನು ಕನ್ನಡದಲ್ಲಿ ಬರೆದು ಕೊಡಬೇಕು. ಸಾಲ ನೀಡುವ ಬ್ಯಾಂಕುಗಳು ಪಹಣಿಯ ಜೊತೆಗೆ ಮಣ್ಣಿನ ಬಗೆಯನ್ನೂ ಈಗಿರುವ ಯಂತ್ರದ ಜಾರಿಕೆಯನ್ನೂ ಕೇಳಿದರೆ ಅನೇಕ ಸಾಲಗಳ ಅಗತ್ಯವೇ ಇಲ್ಲವಾದೀತು. ವಿಸ್ತರಣಾ ಕಾರ್ಯದಲ್ಲಿರುವ ನಾವೂ ಕ್ಷೇತ್ರೋತ್ಸವಗಳಲ್ಲಿ ದೊಡ್ಡ ಯಂತ್ರದ ಓಟವನ್ನು ತೋರಿಸಿದರೆ ಸಾಲದು. ಒಂದು ತೂಕದ ಸ್ಪ್ರಿಂಗು, ಒಂದು ಅಳತೆ ಪಟ್ಟಿ ಹಿಡಿದು ಎಳೆತ ಎಷ್ಟು, ಜಾರಿಕೆ ಎಷ್ಟು ಎಂಬುದನ್ನು ರೈತರ ಕೈಯಿಂದಲೇ ಅಳೆಯಿಸಬೇಕು.

ದೊಡ್ಡ ಹಿಡುವಳಿಗೆ, ಬಾಡಿಗೆ ಕೆಲಸಕ್ಕೆ ದೊಡ್ಡ ಯಂತ್ರ ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ರೋಟವೇಟರಿನಂಥ ಉಪಕರಣಕ್ಕೆ ಅಶ್ವಶಕ್ತಿಯೇ ಹೆಚ್ಚು ಬೇಕು, ಏಕೆಂದರೆ ಅಲ್ಲಿ ಬಲ ಹಾಗೂ ವೇಗ ಎರಡೂ ಬೇಕು. ವಾದ ಇರುವುದು ದೊಡ್ಡದರ ವಿರುದ್ಧವಲ್ಲ, ಲೆಕ್ಕವಿಲ್ಲದ ದೊಡ್ಡದರ ವಿರುದ್ಧ. ಯಾವ ಕೆಲಸ, ಯಾವ ಮಣ್ಣು, ಎಷ್ಟು ಬಲ, ಯಾವ ವೇಗ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಅಂಗಡಿಗೆ ಹೋಗುವ ರೈತರನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು. ಎಳೆಯ ಎತ್ತಿನ ಹೆಗಲು ನೋಯಬಾರದೆಂದು ನೊಗದ ಕಟ್ಟನ್ನು ಅಳೆದು ಸರಿಸಿದ ಕೈಗಳಿಗೆ ಈ ಲೆಕ್ಕ ಕಷ್ಟವೇನಲ್ಲ.